ಜೆವ್ರೆ-ಶಾಂಬರ್ತಾಂ ಅಂದ್ರೆ ಶಾಂಬರ್ತಾಂ ಅಲ್ವಾ? ಬುರ್ಗಂಡಿ ಲೇಬಲ್ ಓದೋದು ಹೇಗೆ?

ತುಂಗೆ ದಂಡೆ

ಎಲ್ಲರಿಗೂ ನಮಸ್ಕಾರ. ಒಂದು ಬಾಟಲಿಯಿಂದಾಗಿ ಮಾನ ಹೋಗಿದೆ. ಗೊತ್ತಿರುವವರು ಬಿಡಿಸಿ ಹೇಳಿ.

ಕೆಲಸದ ಮೇಲೆ ಪ್ಯಾರಿಸ್‌ಗೆ ಹೋಗಿದ್ದೆ. ವಾಪಸ್ ಬರುವಾಗ ಭಾವನಿಗೆ ಅಂತ ಬುರ್ಗಂಡಿ ಸೀಮೆಯ ಒಂದು ಕೆಂಪು ವೈನ್ ತಂದೆ. ಲೇಬಲ್ ಮೇಲೆ ದಪ್ಪ ಅಕ್ಷರದಲ್ಲಿ ಜೆವ್ರೆ-ಶಾಂಬರ್ತಾಂ ಅಂತ ಇದೆ. ಅಂಗಡಿಯ ಹುಡುಗ 'ಶಾಂಬರ್ತಾಂ ಅಂದ್ರೆ ನೆಪೋಲಿಯನ್‌ಗೆ ಇಷ್ಟವಾದ ವೈನ್, ಗ್ರಾಂ ಕ್ರ್ಯೂ, ಎಲ್ಲಕ್ಕಿಂತ ಮೇಲಿನ ದರ್ಜೆ' ಅಂದಿದ್ದ. ನಾನೂ ಅದನ್ನೇ ಎಲ್ಲರ ಹತ್ತಿರ ಕೊಚ್ಚಿಕೊಂಡೆ. ಭಾವನ ಸ್ನೇಹಿತರೊಬ್ಬರು ಬಾಟಲಿ ತಿರುಗಿಸಿ ನೋಡಿ, 'ಇದು ಶಾಂಬರ್ತಾಂ ಅಲ್ಲ ಮಾರಾಯ್ರೆ, ಆ ಊರಿನ ವೈನ್ ಅಷ್ಟೆ' ಅಂದುಬಿಟ್ಟರು. ಹತ್ತು ಜನರ ಮುಂದೆ!

ಫ್ರಾನ್ಸ್‌ನ ಇನ್ನೊಂದು ವೈನ್ ಸೀಮೆ ಬೋರ್ಡೋ ವಿಷಯ ಅಲ್ಪಸ್ವಲ್ಪ ಓದಿದ್ದೇನೆ. 1855ರ ಪಟ್ಟಿ, ಐದು ದರ್ಜೆ, ಮುಗೀತು. ಬುರ್ಗಂಡಿ ಮಾತ್ರ ತಲೆಗೆ ಹತ್ತುತ್ತಿಲ್ಲ. ಶಾಂಬರ್ತಾಂ, ಜೆವ್ರೆ-ಶಾಂಬರ್ತಾಂ, ಶಾರ್ಮ್-ಶಾಂಬರ್ತಾಂ. ಮೂರಕ್ಕೂ ಮೂರು ಬೆಲೆ. ಇದೇನು ಲೆಕ್ಕ? ಬಾಟಲಿ ಇನ್ನೂ ತೆಗೆದಿಲ್ಲ.

ದಿಜೋನ್ ಡೈರಿ

ನಿಮ್ಮ ಭಾವನ ಸ್ನೇಹಿತರು ಹೇಳಿದ್ದು ಸರಿ. ಆದರೆ ಹೇಳಿದ ರೀತಿ ಸರಿಯಿಲ್ಲ. 'ಊರಿನ ವೈನ್ ಅಷ್ಟೆ' ಅನ್ನುವಷ್ಟು ಸಣ್ಣದಲ್ಲ ಅದು.

ನಾನು ದಿಜೋನ್‌ನಲ್ಲಿ ಓದುವಾಗ ಎರಡು ಸೆಪ್ಟೆಂಬರ್ ಜೆವ್ರೆಯಲ್ಲಿ ದ್ರಾಕ್ಷಿ ಕೊಯ್ಲಿಗೆ ಹೋಗಿದ್ದೆ. ಖರ್ಚಿಗೆ ದುಡ್ಡು ಬೇಕಿತ್ತು, ವೈನ್ ಮೇಲಿನ ಪ್ರೀತಿಗೆ ಅಲ್ಲ. ಅಲ್ಲಿ ಕಲಿತದ್ದು ಹೇಳ್ತೀನಿ.

ಮೊದಲು ಹೆಸರಿನ ಆಟ. 1847ರವರೆಗೆ ಆ ಊರಿನ ಹೆಸರು ಬರೀ ಜೆವ್ರೆ. ಶಾಂಬರ್ತಾಂ ಅನ್ನುವುದು ಊರ ಪಕ್ಕದ ಒಂದು ತೋಟ. ತೋಟದ ಹೆಸರು ದೇಶವೆಲ್ಲ ಗೊತ್ತು, ಊರಿನ ಹೆಸರು ಯಾರಿಗೂ ಗೊತ್ತಿಲ್ಲ. ಊರಿನವರು ರಾಜನ ಅಪ್ಪಣೆ ತಂದು ತೋಟದ ಹೆಸರನ್ನು ಊರಿಗೆ ಬಾಲದ ಹಾಗೆ ಕಟ್ಟಿಕೊಂಡರು. ನೋಡ್ತಾ ನೋಡ್ತಾ ಪಕ್ಕದ ಊರುಗಳೂ ಅದೇ ಮಾಡಿದವು. ವೋನ್ ಹೋಗಿ ವೋನ್-ರೊಮಾನೆ ಆಯ್ತು. ಮೊಂರಾಶೆ ತೋಟ ಪ್ಯುಲಿಞಿ ಮತ್ತು ಶಾಸಾಞ್ ಎರಡೂ ಊರಿನ ಗಡಿಯಲ್ಲಿ ಬರುತ್ತದೆ. ಜಗಳ ಯಾಕೆ ಅಂತ ಎರಡೂ ಊರಿನವರು ಅದೇ ಬಾಲ ಹಾಕಿಕೊಂಡರು.

ಹಾಗಾಗಿ ಲೇಬಲ್ ಮೇಲೆ ಬರೀ 'ಶಾಂಬರ್ತಾಂ' ಅಂತ ಇದ್ದರೆ ಅದು ಆ ತೋಟದ್ದು, ಗ್ರಾಂ ಕ್ರ್ಯೂ. ಗ್ರಾಂ ಕ್ರ್ಯೂ ಲೇಬಲ್ ಮೇಲೆ ಊರಿನ ಹೆಸರೇ ಬೇಕಿಲ್ಲ. ಶುರುವಿನಲ್ಲಿ 'ಜೆವ್ರೆ' ಇದ್ದರೆ ಗ್ರಾಂ ಕ್ರ್ಯೂ ಅಲ್ಲ, ಸಾಮಾನ್ಯವಾಗಿ ಊರಿನ ಮಟ್ಟದ್ದು. ಕಿತಾಪತಿ ಏನೆಂದರೆ ಶಾರ್ಮ್-ಶಾಂಬರ್ತಾಂ, ಗ್ರಿಯೋತ್-ಶಾಂಬರ್ತಾಂ ಇವು ಮತ್ತೆ ಗ್ರಾಂ ಕ್ರ್ಯೂ! ಶಾಂಬರ್ತಾಂ ಹೆಸರು ಹೊತ್ತ ಗ್ರಾಂ ಕ್ರ್ಯೂಗಳು ಒಟ್ಟು ಒಂಬತ್ತು ಇವೆ. ಇದನ್ನು ಬಾಯಿಪಾಠ ಮಾಡಬೇಕು, ಬೇರೆ ದಾರಿ ಇಲ್ಲ.

ಈಗ ನಾಲ್ಕು ಮೆಟ್ಟಿಲು. ತಳದಲ್ಲಿ ಬರೀ 'ಬುರ್ಗೋನ್' (ಬುರ್ಗಂಡಿಗೆ ಫ್ರೆಂಚ್ ಹೆಸರು), ಅಂದರೆ ಇಡೀ ಸೀಮೆಯದ್ದು. ಒಟ್ಟು ವೈನ್‌ನಲ್ಲಿ ಸುಮಾರು ಅರ್ಧ ಇದೇ. ಅದರ ಮೇಲೆ ಊರಿನ ಹೆಸರಿನದ್ದು. ಅದರ ಮೇಲೆ ಪ್ರೆಮಿಯೆ ಕ್ರ್ಯೂ, ನೂರಕ್ಕೆ ಹತ್ತರಷ್ಟು. ತುದಿಯಲ್ಲಿ ಗ್ರಾಂ ಕ್ರ್ಯೂ, ನೂರಕ್ಕೆ ಒಂದೋ ಎರಡೋ. ಗಮನಿಸಿ, ಪ್ರೆಮಿಯೆ ಅಂದರೆ 'ಮೊದಲನೆಯದು' ಅಂತ ಅರ್ಥ, ಆದರೂ ಇಲ್ಲಿ ಅದು ಎರಡನೇ ಸ್ಥಾನ.

ಮುಖ್ಯ ವಿಷಯ ಇದು: ಈ ದರ್ಜೆ ಕಂಪನಿಗಲ್ಲ, ಮನೆತನಕ್ಕಲ್ಲ, ವೈನ್ ಮಾಡುವವರಿಗೂ ಅಲ್ಲ. ನೆಲಕ್ಕೆ.

ಬರೀ ನೀರು

ನಾನು ಕುಡಿಯೋದಿಲ್ಲ, ಸುಮ್ನೆ ಓದ್ತಿದೀನಿ. ನೆಲಕ್ಕೆ ಮಾರ್ಕ್ಸ್ ಕೊಡೋದು ಹೇಗೆ? ಮಣ್ಣು ತಿಂದು ನೋಡ್ತಾರಾ?

ದಿಜೋನ್ ಡೈರಿ

ಸನ್ಯಾಸಿಗಳು ತಿಂದು ನೋಡುತ್ತಿದ್ದರು ಅಂತ ಕಥೆ ಹೇಳ್ತಾರೆ. ನಂಬಬೇಡಿ.

ದಿಜೋನ್‌ನಿಂದ ದಕ್ಷಿಣಕ್ಕೆ ಬೋನ್ ಕಡೆ ಒಂದು ದೊಡ್ಡ ರಸ್ತೆ ಹೋಗುತ್ತದೆ. ಎಡಕ್ಕೆ ಬಯಲು, ಬಲಕ್ಕೆ ಗುಡ್ಡ. ಗುಡ್ಡ ಅಂದರೆ ನಮ್ಮ ಘಟ್ಟದ ಹಾಗೆ ಅಲ್ಲ, ಉದ್ದಕ್ಕೆ ಚಾಚಿದ ಒಂದು ಇಳಿಜಾರು. ಪೂರ್ವಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ನೇರ ಬೀಳುತ್ತದೆ. ಇದಕ್ಕೆ ಕೋಟ್ ದೋರ್ ಅಂತಾರೆ. ಉದ್ದ ಐವತ್ತು ಕಿಲೋಮೀಟರ್ ಚಿಲ್ಲರೆ. ಅಗಲ ಹಲವು ಕಡೆ ಒಂದು ಕಿಲೋಮೀಟರೂ ಇಲ್ಲ.

ತುದಿಯಲ್ಲಿ ಕಾಡು. ಅದರ ಕೆಳಗೆ ಮಣ್ಣು ತೆಳು, ಸುಣ್ಣಕಲ್ಲು ಎದ್ದು ಕಾಣುತ್ತದೆ, ಚಳಿ ಜಾಸ್ತಿ. ತಳದಲ್ಲಿ ಮಣ್ಣು ಆಳ, ನೀರು ನಿಲ್ಲುತ್ತದೆ, ಗಿಡ ಸೊಕ್ಕಿ ಬೆಳೆಯುತ್ತದೆ, ಹಣ್ಣು ನೀರು ನೀರು. ನಡು ಇಳಿಜಾರಿನಲ್ಲಿ ಮಣ್ಣು, ಕಲ್ಲು, ಬಿಸಿಲು ಎಲ್ಲ ಹದ. ಗ್ರಾಂ ಕ್ರ್ಯೂಗಳು ಅಲ್ಲಿವೆ. ಪ್ರೆಮಿಯೆ ಕ್ರ್ಯೂ ಅದರ ಅಕ್ಕಪಕ್ಕ. ಕೆಳಗೆ ಊರಿನ ಮಟ್ಟದ್ದು. ರಸ್ತೆ ದಾಟಿ ಬಯಲಿಗೆ ಹೋದರೆ ಬರೀ ಬುರ್ಗೋನ್. ರಸ್ತೆಯಿಂದ ಕಾಡಿನ ಅಂಚಿಗೆ ಇಪ್ಪತ್ತು ನಿಮಿಷ ನಡೆದರೆ ನಾಲ್ಕೂ ಮೆಟ್ಟಿಲು ಕಾಲಿಗೆ ಸಿಗುತ್ತವೆ.

ಕೊಯ್ಲಿನ ಒಂದು ದಿನ ಹೇಳ್ತೀನಿ. ಗಿಡ ಮೊಣಕಾಲೆತ್ತರಕ್ಕೇ ಗೊನೆ ಬಿಡುತ್ತದೆ, ಬಗ್ಗಿದರೆ ಬಗ್ಗಿದ್ದೇ. ಕೈ ಅಂಟು ಅಂಟು, ಸುತ್ತ ಕಣಜದ ಹುಳ. ಎಡಗೈ ತೋರುಬೆರಳು ದಿನಕ್ಕೊಂದು ಸಲ ಕತ್ತರಿಗೆ ಸಿಗಲೇಬೇಕು. ಸಾಲಿನ ಮಧ್ಯೆ ಮೇಸ್ತ್ರಿ ಬಂದು 'ನಿಲ್ಲಿ' ಅಂದ. ನಮ್ಮ ಬಕೆಟ್ ಎಲ್ಲ ಖಾಲಿ ಮಾಡಿಸಿದ. ಪೆಟ್ಟಿಗೆ ಬದಲಾಯಿಸಿದ. ಆಮೇಲೆ ಅದೇ ಸಾಲಿನ ಮುಂದಿನ ಗಿಡದಿಂದ ಮತ್ತೆ ಶುರು. ನಡುವೆ ಬೇಲಿ ಇಲ್ಲ, ಬದು ಇಲ್ಲ, ಹುಲ್ಲಲ್ಲಿ ಹೂತ ಒಂದು ಕಲ್ಲು ಮಾತ್ರ. ಕಲ್ಲಿನ ಕೆಳಗೆ ಊರಿನ ಮಟ್ಟ, ಮೇಲೆ ಪ್ರೆಮಿಯೆ ಕ್ರ್ಯೂ. ನನ್ನ ಕಣ್ಣಿಗೆ ಎರಡೂ ಕಡೆ ಹಣ್ಣು ಒಂದೇ ಥರ ಇತ್ತು.

ಹಿಸ್ಸಾ ನಂಬರ್

ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿದವನು ನಾನು. ಆ ಕಲ್ಲಿನ ವಿಷಯ ಕೇಳಿ ಖುಷಿಯಾಯ್ತು ಮೇಡಂ. ಅಂದ್ರೆ ಬಾಟಲಿ ಮೇಲೆ ಇರೋದು ಪಹಣಿ! ಆ ತುಂಡುಗಳಿಗೆ ಹೆಸರು ಇದೆಯಾ? ಅಳತೆ ಯಾವ ಲೆಕ್ಕದಲ್ಲಿ?

ದಿಜೋನ್ ಡೈರಿ

ಸರ್, ನಿಮಗೆ ಹೇಳಿ ಮಾಡಿಸಿದ ಜಾಗ ಅದು. ಪ್ರತಿ ತುಂಡಿಗೂ ಹೆಸರಿದೆ, ಅದಕ್ಕೆ 'ಕ್ಲಿಮಾ' ಅಂತಾರೆ. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಲೆಕ್ಕ ಹಾಕಿದ್ದು 1,247 ಕ್ಲಿಮಾ.

ಹಳೇ ಅಳತೆ ಒಂದಿದೆ, 'ಊವ್ರೆ'. ಒಬ್ಬ ಆಳು ಒಂದು ದಿನದಲ್ಲಿ ಕೈಯಲ್ಲಿ ಅಗೆಯುವಷ್ಟು ನೆಲ. ನಮ್ಮ ಲೆಕ್ಕದಲ್ಲಿ ನಾಲ್ಕು ಗುಂಟೆಗಿಂತ ಚೂರು ಜಾಸ್ತಿ. ಇವತ್ತಿಗೂ ಅಲ್ಲಿ ಜಮೀನಿನ ಬೆಲೆ ಮಾತಾಡುವಾಗ ಊವ್ರೆ ಲೆಕ್ಕ ಬರುತ್ತದೆ. ಲಾ ರೊಮಾನೆ ಅನ್ನುವ ಗ್ರಾಂ ಕ್ರ್ಯೂ ಒಟ್ಟು 0.85 ಹೆಕ್ಟೇರ್, ಅಂದರೆ ಎರಡು ಎಕರೆ ನಾಲ್ಕು ಗುಂಟೆ ಹತ್ತಿರ. ಅದಕ್ಕೇ ಒಂದು ಕಾನೂನು, ಒಂದು ಹೆಸರು.

ಅದರ ಕೆಳಗೇ ರೊಮಾನೆ-ಕೊಂತಿ. ನಾಲ್ಕೂವರೆ ಎಕರೆ ಅಷ್ಟೆ. 1945ರ ಒಂದು ಬಾಟಲಿ 2018ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 5,58,000 ಡಾಲರ್‌ಗೆ ಹೋಯಿತು. ಆ ವರ್ಷ ಬಂದದ್ದು ಸುಮಾರು 600 ಬಾಟಲಿ, ಆಮೇಲೆ ಹಳೇ ಬಳ್ಳಿ ಕಿತ್ತು ಹೊಸದು ನೆಟ್ಟರು, 1952ರವರೆಗೆ ವೈನೇ ಇಲ್ಲ. ನಾನು ಹೋದಾಗ ಗೋಡೆ ಪಕ್ಕ ಒಂದು ಕಲ್ಲಿನ ಶಿಲುಬೆ, ದಯವಿಟ್ಟು ರಸ್ತೆಯಲ್ಲೇ ಇರಿ, ತೋಟಕ್ಕೆ ಇಳಿಯಬೇಡಿ ಅಂತ ಒಂದು ಬೋರ್ಡು. ಕಾವಲುಗಾರ ಕೂಡ ಕಾಣಲಿಲ್ಲ.

ಅಡ್ಡಮಾತು

ಸುಮ್ನೆ ಮಾರ್ಕೆಟಿಂಗ್ ಇದೆಲ್ಲ. ನೆಲ ನೆಲ ಅಂತೀರಿ, ಕ್ಲೋ ದ ವೂಜೋ ತೋಟದ ಕಥೆ ಹೇಳಿ ನೋಡೋಣ. ಐವತ್ತು ಹೆಕ್ಟೇರ್, ಸುತ್ತ ಗೋಡೆ. ಮೇಲಿನ ತುದಿ ಚಿನ್ನದಂಥ ನೆಲ, ಕೆಳಗಿನ ತುದಿ ಆ ದೊಡ್ಡ ರಸ್ತೆಗೇ ತಾಗುತ್ತದೆ, ಮಳೆ ಬಂದರೆ ಕೆಸರು. ಗೋಡೆ ಒಳಗಿದೆ ಅನ್ನುವ ಒಂದೇ ಕಾರಣಕ್ಕೆ ಇಡೀದು ಗ್ರಾಂ ಕ್ರ್ಯೂ. ಒಡೆಯರು ಸುಮಾರು 80 ಜನ. 80 ಜನ 80 ಥರ ವೈನ್ ಮಾಡ್ತಾರೆ, ಎಲ್ಲದರ ಮೇಲೂ ಅದೇ ಹೆಸರು. ಇದಕ್ಕೆ ವರ್ಗೀಕರಣ ಅಂತೀರಾ?

ಹಿಸ್ಸಾ ನಂಬರ್

80 ಪಾಲು ಹೇಗಾಯ್ತು? ಅಣ್ಣತಮ್ಮಂದಿರ ಪಾಲಾ?

ದಿಜೋನ್ ಡೈರಿ

ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಸಿತೋ ಅನ್ನುವ ಕಡೆ 1098ರಲ್ಲಿ ಒಂದು ಮಠ ಶುರುವಾಯ್ತು. ಅದರ ಸನ್ಯಾಸಿಗಳು ಚೂರು ಚೂರೇ ನೆಲ ಕೂಡಿಸಿ, ಗೋಡೆ ಕಟ್ಟಿ ಮಾಡಿದ ತೋಟ ಅದು. ಫ್ರೆಂಚ್ ಕ್ರಾಂತಿಯಲ್ಲಿ ಸರ್ಕಾರ ಮಠದ ಆಸ್ತಿ ಜಪ್ತಿ ಮಾಡಿ ಮಾರಿತು. ಅಲ್ಲೇ ಒಡೆದು ಹೋಯ್ತು ಅಂತ ತುಂಬ ಕಡೆ ಬರೆದಿರುತ್ತಾರೆ. ಆದರೆ ಅದು ಕೈ ಬದಲಾದರೂ ಇಡಿಯಾಗೇ ಉಳಿಯಿತು. 1889ರಲ್ಲಿ ಆರು ಜನ ವೈನ್ ವ್ಯಾಪಾರಿಗಳು ಸೇರಿ ಕೊಂಡ ಮೇಲೆ ಒಡೆಯಲು ಶುರುವಾದದ್ದು. ಆಮೇಲೆ ಮಾರಾಟ, ಪಾಲು, ಮತ್ತೆ ಪಾಲು.

ಉಳಿದ ಊರುಗಳಲ್ಲಿ ನೀವು ಹೇಳಿದ್ದೇ ನಿಜ ಸರ್. ನೆಪೋಲಿಯನ್ ಕಾಲದ ಕಾನೂನಿನಲ್ಲಿ ಮಕ್ಕಳಿಗೆಲ್ಲ ಸಮಪಾಲು. ಈಗ ಒಬ್ಬ ರೈತನಿಗೆ ಇಲ್ಲಿ ಮೂರು ಸಾಲು, ಅಲ್ಲಿ ಹತ್ತು ಸಾಲು.

ಅಡ್ಡಮಾತು ಅವರೇ, ನಿಮ್ಮ ಮಾತು ಒಪ್ಪುತ್ತೇನೆ. ಕ್ಲೋ ದ ವೂಜೋ ಈ ಪದ್ಧತಿಯ ಹುಳುಕು ಹಲ್ಲು. ದರ್ಜೆ ಹೇಳುವುದು ಇಷ್ಟೇ: ಈ ನೆಲದಲ್ಲಿ ಒಳ್ಳೇದು ಆಗಬಹುದು. ಆಯ್ತಾ ಇಲ್ಲವಾ ಅಂತ ಹೇಳುವುದಿಲ್ಲ. ಅದಕ್ಕೇ ನನ್ನ ಕಿವಿಮಾತು, ದಪ್ಪಕ್ಷರ ಒಂದು ಸಲ ಓದಿ, ಸಣ್ಣಕ್ಷರ ಎರಡು ಸಲ ಓದಿ. ಮಾಡಿದವರ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ. ಒಳ್ಳೇ ಕೈಯ ಬರೀ 'ಬುರ್ಗೋನ್', ಸೋಮಾರಿ ಕೈಯ ಗ್ರಾಂ ಕ್ರ್ಯೂಗಿಂತ ಚೆನ್ನಾಗಿರಬಹುದು.

ಅಡ್ಡಮಾತು

ಆಯ್ತು, ಅಷ್ಟು ಒಪ್ಪಿದ್ರೆ ಸಾಕು. ಇನ್ನೊಂದು ಸೇರಿಸ್ತೀನಿ. ಜೆವ್ರೆಯಲ್ಲೇ ಕ್ಲೋ ಸಾಂ-ಜಾಕ್ ಅಂತ ಪ್ರೆಮಿಯೆ ಕ್ರ್ಯೂ ಇದೆ, ಐದೇ ಒಡೆಯರು. ಕುಡಿದು ಬಲ್ಲವರು ಅದನ್ನು ಗ್ರಾಂ ಕ್ರ್ಯೂ ಸಾಲಲ್ಲಿ ಕೂರಿಸ್ತಾರೆ. ಬೆಲೆಯೂ ಹಾಗೇ ಇದೆ. ಕಾಗದದ ಮೇಲೆ ಮಾತ್ರ ಒಂದು ಮೆಟ್ಟಿಲು ಕೆಳಗೆ.

ಕಡಲೆಕಾಯಿ ಪರಿಷೆ

ಬೋರ್ಡೋ ಪಕ್ಷದಿಂದ ಒಂದು ಮಾತು. ಅಲ್ಲಿ ಲೆಕ್ಕ ಪೂರ್ತಿ ಉಲ್ಟಾ. 1855ರ ಪ್ಯಾರಿಸ್ ಪ್ರದರ್ಶನಕ್ಕೆ ಮೂರನೇ ನೆಪೋಲಿಯನ್ ಪಟ್ಟಿ ಕೇಳಿದ. ದಲ್ಲಾಳಿಗಳು ಕೂತು, ಯಾರ ವೈನ್ ಎಷ್ಟಕ್ಕೆ ಹೋಗ್ತಿದೆ ಅಂತ ಬೆಲೆ ನೋಡಿ ಐದು ದರ್ಜೆ ಮಾಡಿದರು. ನೆಲ ಅಳೆಯಲಿಲ್ಲ, ಶಾತೋ (ಅಂದರೆ ವೈನ್ ಮಾಡುವ ಎಸ್ಟೇಟ್) ಹೆಸರಿಗೆ ದರ್ಜೆ ಕೊಟ್ಟರು. ಕೆಂಪಿನ ಪಟ್ಟಿಯಲ್ಲಿ ಓ-ಬ್ರಿಯೋ ಒಂದು ಬಿಟ್ಟರೆ ಎಲ್ಲ ಮೆದೋಕ್ ಕಡೆಯವೇ. ಒಂದು ಶಾತೋ ಪಕ್ಕದ ತೋಟ ಕೊಂಡು ಸೇರಿಸಿಕೊಂಡರೆ, ಊರಿನ ಗಡಿ ಸರಿಯಿದ್ದರೆ, ಆ ನೆಲವೂ ಅದೇ ದರ್ಜೆಗೆ ಬರುತ್ತದೆ. ಬುರ್ಗಂಡಿಯಲ್ಲಿ ಇದು ಕನಸಲ್ಲೂ ಆಗಲ್ಲ.

ಮೊದಲ ದರ್ಜೆಗೆ ಆಮೇಲೆ ಹತ್ತಿದ್ದು ಒಂದೇ ಒಂದು. ಮೂತೋನ್ ರೋತ್‌ಶೀಲ್ಡ್, 1973ರಲ್ಲಿ. ಆಗ ಕೃಷಿ ಮಂತ್ರಿ ಜಾಕ್ ಶಿರಾಕ್, ಮುಂದೆ ರಾಷ್ಟ್ರಪತಿ ಆದವರು. ಬೋರ್ಡೋದಲ್ಲೇ ಇರುವ ಸಾಂತೆಮಿಲಿಯೋಂನವರು 1955ರಿಂದ ತಮ್ಮದೇ ಪಟ್ಟಿ ಇಟ್ಟುಕೊಂಡು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ ಅಂತಾರೆ. ಈಚಿನ ಪಟ್ಟಿಗಳಿಗೆ ಕೋರ್ಟು ಕಚೇರಿ. 2022ರ ಪಟ್ಟಿಗೆ ಮುಂಚೆ ಶೆವಾಲ್ ಬ್ಲಾಂ, ಒಝೋನ್, ಆಂಜೆಲ್ಯೂಸ್ ಮೂರೂ ನಮಗೆ ಬೇಡ ಅಂತ ಎದ್ದು ಹೋದವು. ಪಕ್ಕದ ಪೊಮೆರೋಲ್‌ಗೆ ಪಟ್ಟಿಯೇ ಇಲ್ಲ, ಅಲ್ಲಿನ ಪೆತ್ರ್ಯೂಸ್ ಆರಾಮಾಗಿ ಮಾರಾಟವಾಗ್ತಿದೆ.

ತುಂಗೆ ದಂಡೆ

ಅಂದ್ರೆ 'ಗ್ರಾಂ ಕ್ರ್ಯೂ' ಅನ್ನೋ ಪದ ಎರಡೂ ಕಡೆ ಒಂದೇ ಅಲ್ಲ?

ಕಡಲೆಕಾಯಿ ಪರಿಷೆ

ಅಲ್ಲವೇ ಅಲ್ಲ. ಸಾಂತೆಮಿಲಿಯೋಂನಲ್ಲಿ ಬರೀ 'ಗ್ರಾಂ ಕ್ರ್ಯೂ' ಅಂತ ನೂರಾರು ಜನ ಹಾಕ್ಕೋತಾರೆ. ಅದರ ಮುಂದೆ 'ಕ್ಲಾಸ್ಸೆ' ಇದ್ದರೆ ಮಾತ್ರ ಪಟ್ಟಿಯಲ್ಲಿದೆ ಅಂತ ಅರ್ಥ. ನಿಮಗೆ ಮಾರಿದ ಹುಡುಗ ಇಲ್ಲೇ ಎಡವಿರಬೇಕು.

ಹಳೇ ಬಿರಡೆ

ತಡವಾಗಿ ಬಂದೆ. ತೋಟದ ಹೆಸರು ಹಾಕುವ ಈ ಪದ್ಧತಿಯಿಂದ ಒಬ್ಬ ದೊಡ್ಡ ಕಳ್ಳ ಸಿಕ್ಕಿಬಿದ್ದ ಕಥೆ ಯಾರೂ ಹೇಳಲಿಲ್ಲವಲ್ಲ. 2008ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಹರಾಜು. ಪೊನ್ಸೋ ಮನೆತನ ಮಾಡಿದ್ದು ಅಂತ ಕ್ಲೋ ಸಾಂ-ದೆನಿ ತೋಟದ ವೈನ್, 1945ರಿಂದ 1971ರವರೆಗಿನ ಬಾಟಲಿಗಳು. ಆ ಮನೆಯ ಲೋರಾಂ ಪೊನ್ಸೋ ಫ್ರಾನ್ಸ್‌ನಿಂದ ವಿಮಾನ ಹತ್ತಿ ಬಂದು ಆ ಬಾಟಲಿಗಳ ಹರಾಜು ನಿಲ್ಲಿಸಿದರು. ಯಾಕೆಂದರೆ ಅವರು ಆ ತೋಟದ ವೈನ್ ಮಾಡಲು ಶುರು ಮಾಡಿದ್ದೇ 1982ರಲ್ಲಿ! ಬಾಟಲಿ ಕೊಟ್ಟವನು ರೂಡಿ ಕುರ್ನಿಯಾವಾನ್. ಮನೆಯಲ್ಲೇ ಬೆರೆಸಿ, ಲೇಬಲ್ ಅಂಟಿಸಿ ಮಾರುತ್ತಿದ್ದ. 2013ರಲ್ಲಿ ಅಪರಾಧ ಸಾಬೀತಾಯ್ತು, ಮುಂದಿನ ವರ್ಷ ಹತ್ತು ವರ್ಷ ಜೈಲು.

ದುಡ್ಡು ಕೊಟ್ಟವರು ಎಷ್ಟೋ ಜನ ವರ್ಷಗಟ್ಟಲೆ ಕುಡಿದು ಆಹಾ ಅಂದಿದ್ದರು. ಅಡ್ಡಮಾತು ಅವರಿಗೆ ಇದು ಇಷ್ಟವಾಗಬಹುದು.

ಅಡ್ಡಮಾತು

ತುಂಬಾ ಇಷ್ಟವಾಯ್ತು.

ಅರ್ಧ ಗ್ಲಾಸ್

ಕೋಟಿ ಬೆಲೆಯ ಮಾತು ಸಾಕು, ನಮ್ಮಂಥವರು ಏನು ಕೊಳ್ಳಬೇಕು ಅದು ಹೇಳಿ. ಬೆಲ್ಜಿಯಂನಲ್ಲಿದ್ದೀನಿ, ವರ್ಷಕ್ಕೊಮ್ಮೆ ಕಾರಲ್ಲಿ ಹೋಗ್ತೀವಿ.

ದಿಜೋನ್ ಡೈರಿ

ಹೆಸರಾದ ಊರಿನ ಪಕ್ಕದ ಊರು ಹಿಡಿಯಿರಿ. ಬಿಳಿಗೆ ಸಾಂತೋಬಾಂ, ಮೊಂರಾಶೆ ಗುಡ್ಡದ ಹಿಂದೆಯೇ ಇದೆ. ಕೆಂಪಿಗೆ ದಿಜೋನ್ ಹತ್ತಿರದ ಮಾರ್ಸನೇ, ಅಲ್ಲಿ ಗ್ರಾಂ ಕ್ರ್ಯೂ ಇಲ್ಲ, ಹಾಗಾಗಿ ಬೆಲೆಗೆ ಅಷ್ಟು ಕೊಬ್ಬಿಲ್ಲ. ಇನ್ನೂ ದಕ್ಷಿಣಕ್ಕೆ ಮೆರ್ಕ್ಯುರೇ. ಅದರಾಚೆ ಮಾಕೋನ್, ಅಲ್ಲಿ ಶಾರ್ಡೊನೇ ಅನ್ನುವ ಹೆಸರಿನ ಒಂದು ಹಳ್ಳಿಯೇ ಇದೆ. ಉತ್ತರದಲ್ಲಿ ಶಾಬ್ಲಿ, ಅಲ್ಲಿನ ಮಣ್ಣಿನಲ್ಲಿ ಚಿಕ್ಕ ಚಿಕ್ಕ ಸಿಂಪಿಯ ಪಳೆಯುಳಿಕೆ ಕೈಗೇ ಸಿಗುತ್ತದೆ. ಶಾಬ್ಲಿ ಗ್ರಾಂ ಕ್ರ್ಯೂ ಒಂದೇ ಗುಡ್ಡ, ಏಳು ಹೆಸರು.

ದ್ರಾಕ್ಷಿ ತಳಿ ಲೇಬಲ್ ಮೇಲೆ ಹುಡುಕಬೇಡಿ, ಬಹಳಷ್ಟು ಸಲ ಇರೋದಿಲ್ಲ. ಕೆಂಪು ಅಂದ್ರೆ ಪಿನೋ ನ್ವಾರ್, ಬಿಳಿ ಅಂದ್ರೆ ಶಾರ್ಡೊನೇ ಅಂತ ಇಟ್ಟುಕೊಳ್ಳಿ. ಗಾಮೇ ಅನ್ನುವ ತಳಿಯನ್ನು ಫಿಲಿಪ್ ಅನ್ನುವ ದೊರೆ 1395ರಲ್ಲೇ ಕಿತ್ತುಹಾಕಿ ಅಂತ ಅಪ್ಪಣೆ ಹೊರಡಿಸಿದ್ದ. ಅದು ದ್ರೋಹಿ ಗಿಡವಂತೆ! ಪಾಪ, ಅದು ದಕ್ಷಿಣಕ್ಕೆ ಬೋಜೊಲೇ ಕಡೆ ಹೋಗಿ ಸುಖವಾಗಿದೆ.

ತುಂಗೆ ದಂಡೆ

ನಿನ್ನೆ ಭಾನುವಾರ ಬಾಟಲಿ ತೆಗೆದೆವು. ಬಣ್ಣ ನೋಡಿ ಭಾವ 'ನೀರು ಬೆರೆಸಿದ್ದಾರೇನೋ' ಅಂದರು. ಪುನರ್ಪುಳಿ ಶರಬತ್ತಿನಷ್ಟು ತಿಳಿ. ಮೊದಲ ಗುಟುಕು ಏನೂ ಅನ್ನಿಸಲಿಲ್ಲ, ಬರೀ ಖಾರ.

ದಿಜೋನ್ ಡೈರಿ

ಪಿನೋ ನ್ವಾರ್ ಬಣ್ಣವೇ ಹಾಗೆ, ಚಿಂತೆ ಬೇಡ. ನಿಮ್ಮ ಕೋಣೆಯಲ್ಲಿ ಎಷ್ಟು ಸೆಕೆ ಇತ್ತು? ಈ ವೈನ್ 15-16 ಡಿಗ್ರಿಯಲ್ಲಿ ಚೆಂದ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಮತ್ತೆ ನೋಡಿ. ಅಂದ ಹಾಗೆ, ಲೇಬಲ್ ಮೇಲಿನ ಸಾಲುಗಳನ್ನು ಹಾಗೇ ಬರೆಯಿರಿ, ಸಣ್ಣಕ್ಷರದ್ದೂ.

ತುಂಗೆ ದಂಡೆ

ಫ್ರಿಜ್‌ನಲ್ಲಿಟ್ಟ ಮೇಲೆ ಬೇರೆ ವೈನೇ ಆಯ್ತು! ಚೆರ್ರಿ ಹಣ್ಣು, ಆಮೇಲೆ ಮಳೆಗಾಲದ ಕಾಡಿನ ಎಲೆ ವಾಸನೆ. ಅಕ್ಕನೂ ಅದನ್ನೇ ಅಂದಳು.

ಲೇಬಲ್: ದಪ್ಪಗೆ ಜೆವ್ರೆ-ಶಾಂಬರ್ತಾಂ. ಅದರ ಕೆಳಗೆ ಸಣ್ಣಗೆ 'ಲಾ ಜ್ಯುಸ್ತೀಸ್'. ಆಮೇಲೆ ವರ್ಷ 2019. ತಳದಲ್ಲಿ ತೋಟದ ಮನೆಯಲ್ಲೇ ಬಾಟಲಿಗೆ ತುಂಬಿದ್ದು ಅಂತ, ಮಾಡಿದವರ ಹೆಸರು. ಲಾ ಜ್ಯುಸ್ತೀಸ್ ಅಂದ್ರೆ ಏನು?

ದಿಜೋನ್ ಡೈರಿ

ಅಯ್ಯೋ. ನನ್ನ ಮಾತಿಗೆ ನನ್ನನ್ನೇ ಸಿಕ್ಕಿಸಿದಿರಿ.

ಲಾ ಜ್ಯುಸ್ತೀಸ್ ಅಂದರೆ 'ನ್ಯಾಯ'. ಅದೊಂದು ತುಂಡಿನ ಹೆಸರು. ಊರಿನ ಮಟ್ಟದ ವೈನ್ ಮೇಲೆ ಹೀಗೆ ತುಂಡಿನ ಹೆಸರು ಹಾಕಬಹುದು, ಆದರೆ ಪ್ರೆಮಿಯೆ ಕ್ರ್ಯೂ ಅಂತ ಯಾರೂ ತಪ್ಪು ತಿಳಿಯದ ಹಾಗೆ ಅಕ್ಷರ ಚಿಕ್ಕದಿರಬೇಕು. ಕಷ್ಟ ಏನೆಂದರೆ, ಆ ತುಂಡು ದೊಡ್ಡ ರಸ್ತೆಯ ಆಚೆಗಿದೆ. ಬಯಲಿನ ಕಡೆ!

ರಸ್ತೆ ದಾಟಿದರೆ ಬರೀ ಬುರ್ಗೋನ್ ಅಂತ ಮೇಲೆ ಬರೆದೆ ನೋಡಿ, ಜೆವ್ರೆಯಲ್ಲಿ ಅದು ಪೂರ್ತಿ ಸರಿಯಲ್ಲ. ಊರ ಹಿಂದೆ ಲಾವೋ ಅನ್ನುವ ಕಣಿವೆ ಗುಡ್ಡವನ್ನು ಸೀಳಿಕೊಂಡು ಬರುತ್ತದೆ. ಸಾವಿರಾರು ವರ್ಷ ಅಲ್ಲಿಂದ ನೀರು ಹರಿದು, ಗುಡ್ಡದ ಸುಣ್ಣಕಲ್ಲಿನ ಜಲ್ಲಿಯನ್ನು ತಂದು ಬೀಸಣಿಗೆ ಥರ ಬಯಲಿಗೆ ಹರಡಿದೆ. ರಸ್ತೆ ಆಚೆಯೂ ಜಲ್ಲಿ ಇದೆ, ನೀರು ನಿಲ್ಲುವುದಿಲ್ಲ. ಹಾಗಾಗಿ ಜೆವ್ರೆಯ ಹೆಸರು ರಸ್ತೆ ದಾಟಿದೆ. ಎರಡು ವರ್ಷ ಅದೇ ರಸ್ತೆಯಲ್ಲಿ ಬಸ್ಸಲ್ಲಿ ಓಡಾಡಿದೆ, ಸುಲಭದ ಸೂತ್ರ ಹೇಳುವ ಆಸೆಗೆ ಇದನ್ನೇ ಮರೆತೆ.

ಹಿಸ್ಸಾ ನಂಬರ್

ಮೇಡಂ, ಗಡಿ ಹಾಕಿದವನು ರಸ್ತೆ ನೋಡಿಲ್ಲ, ಮಣ್ಣು ನೋಡಿದ್ದಾನೆ. ಒಳ್ಳೇ ಸರ್ವೇಯರ್.

ಅಡ್ಡಮಾತು

ವೂಜೋದಲ್ಲಿ ಮಾತ್ರ ಗೋಡೆ ನೋಡಿದ್ದಾನೆ.

ಬರೀ ನೀರು

ಒಟ್ಟಿನಲ್ಲಿ ತುಂಗೆಯವರಿಗೆ ನ್ಯಾಯ ರಸ್ತೆಯ ಆಚೆ ಬದಿ ಸಿಕ್ಕಿದೆ ಅಂತಾಯ್ತು.

ತುಂಗೆ ದಂಡೆ

ಹ್ಹಹ್ಹ. ಭಾವನ ಸ್ನೇಹಿತರಿಗೆ ಇದನ್ನೆಲ್ಲ ಕಳಿಸಿದೆ. 'ಊರಿನ ವೈನ್ ಅಂತ ನಾನು ಹೇಳಿದ್ದು ಸರಿ ತಾನೆ?' ಅಂತ ಒಂದೇ ಸಾಲು ಉತ್ತರ ಬಂತು. ಇರಲಿ. ಬಾಟಲಿಯಲ್ಲಿ ಇನ್ನೊಂದು ಗ್ಲಾಸ್ ಉಳಿದಿದೆ, ನಾಳೆಗೆ ಚೆನ್ನಾಗಿರುತ್ತಾ?

ಹಳೇ ಬಿರಡೆ

ಬಿರಡೆ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿ ನಿಲ್ಲಿಸಿಡಿ. ನಾಳೆ ರಾತ್ರಿ ಊಟದ ಹೊತ್ತಿಗೆ ಮುಗಿಸಿ.